ಚನ್ನಕ್ಕ ಡಾಕ್ಟ್ರ ತವರುಮನೆ

ಚನ್ನಕ್ಕ ಡಾಕ್ಟ್ರು ಕಳೆದ ವರ್ಷ ಕೆಲಸ ಬಿಟ್ಟು ಗದಗಿಗೆ, ತಂಗಿಯ ಮನೆಗೆ ಹೊರಟುಹೋದರು. ಅಂದಿನಿಂದ ಕೆಂಪಾಪುರ ನನಗೆ ಬಿಕೋ ಎನ್ನುತ್ತಿದೆ.

ನಮ್ಮ ದ್ರಾಕ್ಷಿ ತೋಟಗಳು ಸೈಟುಗಳಾದ ಹೊಸದರಲ್ಲಿ ಇಲ್ಲಿಗೆ ಬಂದವರು ಅವರು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಕಷ್ಟದ ಬಸಿರುಗಳನ್ನಷ್ಟೇ ನೋಡುತ್ತಿದ್ದರು. ಸಕ್ಕರೆ ಕಾಯಿಲೆ, ಬಿ.ಪಿ., ಅವಳಿಜವಳಿ, ಬೇರೆಯವರು ಕೈಚೆಲ್ಲಿದ್ದೆಲ್ಲ ಅವರ ಪಾಲಿಗೆ. ಬಾಯಿ ಮಾತ್ರ ಬಲು ಜೋರು. "ಉಪ್ಪಿನಕಾಯಿ ತಿಂದೀಯೇನವಾ?" ಎಂದು ಗದರಿದರೆ ಬಸುರಿಯ ಗಂಡನೂ ಎದ್ದು ನಿಲ್ಲುತ್ತಿದ್ದ. ಸೊಸೆಯಂದಿರನ್ನು ಬೈಯುವ ಹಕ್ಕು ಅತ್ತೆಯರದು ಎಂದು ತಿಳಿದಿದ್ದ ನನಗೆ ಮೊದಮೊದಲು ಅದು ಹಿಡಿಸುತ್ತಿರಲಿಲ್ಲ.

ನನ್ನ ಸೊಸೆ ರಮ್ಯಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಏಳು ತಿಂಗಳು ತುಂಬುವಾಗ ಬಿ.ಪಿ. ಏರಿತು, ಕಾಲು ಬಾತವು. ಪ್ರಯಾಣ ಬೇಡವೇ ಬೇಡ, ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು ಡಾಕ್ಟ್ರು. ಅದೇ ವಾರ ಅವಳ ಅಪ್ಪ ನರಸಿಂಹಯ್ಯ ಮಗಳನ್ನು ತವರಿಗೆ ಕರೆದೊಯ್ಯಲು ಶಿರಾ ಕಡೆಯಿಂದ ಕಾರು ಮಾಡಿಕೊಂಡು ಬಂದರು. ನಾನೂ ನನ್ನ ಮಗ ಗಿರಿಯೂ ಎಷ್ಟು ಹೇಳಿದರೂ ಬಗ್ಗಲಿಲ್ಲ. ನನಗೆ ರೇಗಿಹೋಯಿತು. ಬೀಗರನ್ನು ಬೈಯಲಾದೀತೇ? ಡಾಕ್ಟ್ರ ಮುಂದೆ ಕೂರಿಸಿದೆವು.

"ಚೊಚ್ಚಲ ಎರಿಗೆ ತವರಲ್ಲೇ ಆಗ್ಬೇಕು ಕಣಮ್ಮ. ಗಂಡನ್ ಮನೇಲ್ ಬಿಟ್ರೆ ಊರೋರು ಏನಂದಾರು?" ಎಂದರು ಬೀಗರು.

"ಊರವ್ರು ಬಂದು ಆಕಿ ಬಿ.ಪಿ. ನೋಡ್ತಾರೇನ್ರಿ?" ಎಂದು ಡಾಕ್ಟ್ರು ಗದರಿದರು. ಬೀಗರ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಡಾಕ್ಟ್ರ ದನಿ ಇಳಿಯಿತು. "ಗಂಡನ ಮನಿ ಬ್ಯಾಡ್ರಿ. ನಮ್ಮನ್ಯಾಗ ಇರ್ಲಿ, ನಾ ಒಬ್ಬಾಕೀನ ಅದೀನಿ. ನಿಮ್ಮ ಮನಿಯವ್ರನ್ನ ಕಳಸ್ರಿ, ಅಡಗಿಮನಿ ಅವ್ರದ. ತವರಾಗ ಅದಾಳ ಅಂತ ಊರಾಗ ಹೇಳ್ರಿ."

ಹಾಗೆ ನಮ್ಮ ಮನೆಯಿಂದ ಎರಡು ಬೀದಿಯಾಚೆ ರಮ್ಯಳಿಗೊಂದು ತವರಾಯಿತು. ಬೀಗಿತ್ತಿ ರಾಗಿಹಿಟ್ಟಿನ ಸಮೇತ ಬಂದಿಳಿದರು. ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ರಮ್ಯಳಿಗೆ ತಲೆ ಸಿಡಿಯತೊಡಗಿ ಕಣ್ಣು ಮಂಜಾಯಿತು. ಡಾಕ್ಟ್ರು ಉಣ್ಣುತ್ತಿದ್ದ ತಟ್ಟೆ ಬಿಟ್ಟೆದ್ದು, ತಾವೇ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿದರು. ಹೆಣ್ಣು ಮಗು, ಹಿಡಿಯಷ್ಟಿತ್ತು. ಶಿರಾದ ಹಳ್ಳಿಯಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ಮಗು ಉಳಿಯಿತು, ಡಾಕ್ಟ್ರ ಮನೆಯಲ್ಲೇ ಬಾಣಂತನವೂ ನಡೆಯಿತು. ಕುಕ್ಕರ್ ಕೂಗುವುದೇ ಅಪರೂಪವಾಗಿದ್ದ ಮನೆಯಲ್ಲಿ ಬೆಳ್ಳುಳ್ಳಿ ಸಾರು, ಸಾಂಬ್ರಾಣಿ ಹೊಗೆ. ಎಂಥ ಚೆಂದದ ದಿನಗಳವು!

ಐದು ತಿಂಗಳಾದ ಮೇಲೆ ತಾಯಿಮಗುವನ್ನು ಕರೆತರಲು ಶಾಸ್ತ್ರಕ್ಕೆ ಹೋದೆವು. ಬೀಗಿತ್ತಿ ಮಗಳಿಗೆ ಮಡಿಲು ತುಂಬಿದರು. ಡಾಕ್ಟ್ರೂ ಇಳಕಲ್ ಸೀರೆ ತಂದಿದ್ದರು. ಎರಡು ಹೆಜ್ಜೆ ಬಂದು ನಿಂತುಬಿಟ್ಟರು. ಊರನ್ನೆಲ್ಲ ಗದರಿಸಿದ್ದ ಆ ಹೆಂಗಸು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು:

"ಸುಬ್ಬಮ್ಮಾರ, ನಾ ಮದುವಿ ಆಗದಾಕಿ. ತುಂಬಬಹುದೇನ್ರಿ?"

ನನಗೆ ಸಿಟ್ಟು ಬಂತು.

"ತವರಿನೋರು ಯಾರಾದ್ರೂ ಕೇಳ್ಕೊಂಡ್ ತುಂಬ್ತಾರೇನ್ರೀ? ಬನ್ನಿ, ತುಂಬಿ!" ಎಂದು ಗದರಿದೆ.