ಪೆಪ್ಪರಮೆಂಟಿನ ವಾಸನೆಯ ಪುಡಿ

ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ ತೊಡೆಯ ಮೇಲಿನ ಚೀಲದಿಂದ ಪೆಪ್ಪರಮೆಂಟಿನ ವಾಸನೆ ಏಳತೊಡಗಿತು. ಚೀಲದಲ್ಲಿದ್ದದ್ದು ಉಳವಿಯ ಮಾವನಿಗೆಂದು ಶಿಕಾರಿಪುರದಿಂದ ಒಯ್ಯುತ್ತಿದ್ದ ಮಂಡಿನೋವಿನ ಪುಡಿ. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿದ ಪೊಟ್ಟಣಗಳು. ಪಕ್ಕದ ಸೀಟಿನ ಹೆಂಗಸು ಮೂಗರಳಿಸಿ, "ಪುಡಿ ಡಾಕ್ಟ್ರ ಮನೇದಾ? ಅವ್ರ ಕೈಗುಣ ಮತ್ಯಾರಿಗೂ ಬರ್ಲಿಲ್ಲ ಬಿಡಿ" ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕೈಗುಣವಂತೆ.

ಆ ಮಹಾನುಭಾವ ಶಿಕಾರಿಪುರದಲ್ಲಿ ನಮ್ಮ ನೆರೆಯವನು. ನಮ್ಮ ಹಿತ್ತಿಲಿಗೆ ಹೊಂದಿಕೊಂಡ ಮನೆಯಲ್ಲೇ ದವಾಖಾನೆ ಇಟ್ಟುಕೊಂಡಿದ್ದ. ಬೋರ್ಡಿನಲ್ಲಿ ಹೆಸರಿಗಿಂತ ಅದರ ಮುಂದಿನ ಅಕ್ಷರಗಳೇ ಉದ್ದವಾಗಿದ್ದವು. ಅವುಗಳಲ್ಲಿ ಕಾಲೇಜು ಕೊಟ್ಟದ್ದೆಷ್ಟು, ಜಾಗ ಖಾಲಿ ಉಳಿಯಿತೆಂದು ಪೇಂಟರು ಸೇರಿಸಿದ್ದೆಷ್ಟು ಎಂದು ಯಾರೂ ಕೇಳಲಿಲ್ಲ. ರೋಗಿ ಬಾಯಿ ತೆರೆಯುವುದೇ ತಡ, ಆತ ಕೈಯೆತ್ತಿ ತಡೆಯುತ್ತಿದ್ದ. "ಗೊತ್ತಾತು, ಕೂಡ್ರಿ." ತಪಾಸಣೆ ಅಷ್ಟೇ. ಆತ ನಾಡಿ ಹಿಡಿದದ್ದನ್ನು ನಾನು ನೋಡಿಲ್ಲ. ಪರದೆಯ ಹಿಂದೆ ಹೋಗಿ ಕುಟ್ಟಾಣಿಯಲ್ಲಿ ಏನನ್ನೋ ಟಣಟಣ ಕುಟ್ಟುತ್ತಿದ್ದ. ಹೊರಗೆ ಬೆಂಚಿನ ಮೇಲಿದ್ದವರು ಆ ಸದ್ದಿಗೇ ಅರ್ಧ ಗುಣವಾಗುತ್ತಿದ್ದರು. ಕಂಪನಿ ಮಾತ್ರೆ ಹೀಟು, ಕುಟ್ಟಿದ ಪುಡಿ ತಂಪು ಎಂಬುದು ಅವರ ಶಾಸ್ತ್ರ.

ಆತ ಕುಟ್ಟುತ್ತಿದ್ದದ್ದು ಕಂಪನಿ ಮಾತ್ರೆಯನ್ನೇ, ವಾಸನೆಗೆ ಒಂದಿಷ್ಟು ಪೆಪ್ಪರಮೆಂಟು ಬೆರೆಸಿ. ಆಗಾಗ ಸಂಜೆ ಹಿತ್ತಿಲಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ರಾಶಿ ಹಾಕಿ ಸುಡುತ್ತಿದ್ದ. ಆ ಕಮಟು ಹೊಗೆ ನಾವು ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತಿತ್ತು. ಒಮ್ಮೆ ಬೇಲಿಯ ಹತ್ತಿರ ನಿಂತು ಏನು ಸುಡುತ್ತಿದ್ದೀರಿ ಎಂದು ಕೇಳಿದೆ. "ಭಸ್ಮ ಮಾಡಾಕತ್ತೀನ್ರೀ" ಅಂದ, ಕೋಲಿನಿಂದ ಬೆಂಕಿ ಕೆದಕುತ್ತ. ಸುಳ್ಳಿನಲ್ಲೂ ಮೈಗಳ್ಳ. ಸ್ವಲ್ಪ ನಂಬುವಂಥ ಸುಳ್ಳನ್ನು ಹುಡುಕುವ ಶ್ರಮವನ್ನೂ ಆತ ತೆಗೆದುಕೊಳ್ಳಲಿಲ್ಲ.

ಉಳವಿಯಿಂದ ಬರುತ್ತಿದ್ದ ರೋಗಿಗಳಲ್ಲಿ ನನ್ನ ಸೋದರತ್ತೆಯೂ ಒಬ್ಬಳು. ಮಂಡಿ ಹಿಡಿದು, ಗದ್ದೆಗೆ ಇಳಿಯಲಾಗದೆ, ಬದುವಿನ ಮೇಲೆ ಕೂತು ನಾಟಿ ಮಾಡುವವರನ್ನು ಬೈಯುವ ಸ್ಥಿತಿಗೆ ಬಂದಿದ್ದಳು. ಪುಡಿ ತಿಂದ ವಾರದಲ್ಲೇ ಕೆಸರಿಗಿಳಿದಳು. ಅಲ್ಲಿಂದ ಮುಂದೆ ಆಕೆಗೆ ಆತ ದೇವರು. ಅದರಲ್ಲಿ ಸ್ಟಿರಾಯ್ಡ್ ಇರಬಹುದು, ಬೇಡ ಅತ್ತೆ ಎಂದು ನಾನು ಹೇಳಿದ್ದಕ್ಕೆ, "ನಿಂಗೇನ್ ಗೊತ್ತು ಮಾರಾಯ, ನನ್ನ ಮಂಡಿಗೆ ಗೊತ್ತು" ಅಂದಿದ್ದಳು.

ವರ್ಷ ಕಳೆಯುವುದರೊಳಗೆ ಆಕೆಯ ಮುಖ ದುಂಡಗಾಯಿತು, ಕೆನ್ನೆ ಉಬ್ಬಿತು. ಮೈಕೈ ತುಂಬಿಕೊಂಡಿದ್ದಾಳೆ, ಮುಖಕ್ಕೆ ಕಳೆ ಬಂದಿದೆ ಎಂದು ನೆಂಟರಿಷ್ಟರು ಹೊಗಳಿದ್ದೇ ಹೊಗಳಿದ್ದು. ಬಾವು ಕಾಲಿಗೆ ಬಂದರೆ ಕಾಯಿಲೆ, ಕೆನ್ನೆಗೆ ಬಂದರೆ ಆರೋಗ್ಯ. ನಮ್ಮವರ ಬುದ್ಧಿ ಇಷ್ಟು. ಮುಟ್ಟಿದರೆ ನೀಲಿಗಟ್ಟುತ್ತಿದ್ದ ತೋಳನ್ನು ಸೆರಗು ಮುಚ್ಚುತ್ತಿತ್ತು. ಬಡಕಲು ಸೊಸೆಯಂದಿರಿದ್ದ ಬೀಗರೂ ಅತ್ತೆಯ ಕೆನ್ನೆ ನೋಡಿಕೊಂಡು ಹೋಗಿ ಪುಡಿ ತಂದರು...

ಆಮೇಲೆ ಆತ ಕಾಶಿಗೆ ಹೋದ. ರೋಗಿಗಳಿಗೆ ಒಂದು ಮಾತು ಹೇಳಲಿಲ್ಲ. ಬೀಗ ಹಾಕಿದ, ಹೊರಟ. ದಿನಾ ಆ ಪುಡಿ ತಿಂದ ಮೈಗೆ ಅದು ಒಮ್ಮೆಲೇ ತಪ್ಪಿದರೆ ಏನಾಗುತ್ತದೆಂದು ಆತನಿಗೆ ಗೊತ್ತಿತ್ತೋ ಇಲ್ಲವೋ... ಗೊತ್ತಿದ್ದರೆ ಕಟುಕ, ಗೊತ್ತಿಲ್ಲದಿದ್ದರೆ ದಡ್ಡ. ಯಾವುದನ್ನು ಆರಿಸಿಕೊಂಡರೂ ನನಗೆ ಆತನ ಮೇಲೆ ಗೌರವ ಹುಟ್ಟುವುದಿಲ್ಲ.

ಪೊಟ್ಟಣಗಳು ಮುಗಿದ ಮೇಲೆ ಅತ್ತೆ ಹಾಸಿಗೆ ಹಿಡಿದಳು. ವಾಂತಿ, ತಲೆಸುತ್ತು, ಎದ್ದು ನಿಲ್ಲಲು ತ್ರಾಣವಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಫೋನು ಮಾಡಿದಾಗಲೆಲ್ಲ ಮಾವನದು ಒಂದೇ ಮಾತು: "ಡಾಕ್ಟ್ರು ಬರ್ಲಿ ತಡಿ, ಒಂದು ಪುಡಿ ಬಿದ್ರೆ ಎದ್ದು ಕೂರ್ತಾಳೆ." ಪ್ರಜ್ಞೆ ತಪ್ಪಿದ ಮೇಲೆ ಕೊನೆಗೂ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಉಬ್ಬಿದ ಕೆನ್ನೆ, ನೀಲಿ ತೋಳು ನೋಡಿದವರೇ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಮಾವ ಜೇಬಿನಿಂದ ಖಾಲಿ ಪೊಟ್ಟಣ ತೆಗೆದು ಹಿಡಿದರು. ಅದರ ಮೇಲೆ ಕ್ಯಾಲೆಂಡರಿನ ಏಕಾದಶಿ ಇತ್ತು, ಔಷಧಿಯ ಹೆಸರಿರಲಿಲ್ಲ. ಡಾಕ್ಟರಮ್ಮ ತಮ್ಮ ಊಹೆಯ ಮೇಲೆ ಇಂಜೆಕ್ಷನ್ ಕೊಟ್ಟರು. ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಪುಡೀಲಿ ಸ್ಟಿರಾಯ್ಡ್ ಇದ್ದಿರ್ಬೇಕು. ಅದಕ್ಕೆ ಒಗ್ಗಿದ ಮೈಗೆ ಅದನ್ನ ಒಮ್ಮೆಲೇ ನಿಲ್ಲಿಸ್ಬಾರ್ದಿತ್ತು. ನಮ್ಮ ಕಣ್ಣೆದುರು ನಿಧಾನಕ್ಕೆ ಇಳಿಸ್ಬೇಕಿತ್ತು. ತುಂಬಾ ತಡ ಆಗಿದೆ." ಅದೇ ಸಂಜೆ ಅತ್ತೆ ತೀರಿಕೊಂಡಳು.

ತಿಥಿಯ ಊಟಕ್ಕೆ ಆತ ಬಂದ, ಕೈಯಲ್ಲಿ ಗಂಗೆಯ ತಾಮ್ರದ ಗಿಂಡಿ ಹಿಡಿದುಕೊಂಡು. ಜನ ಎದ್ದು ನಿಂತರು. ಮಾವ ಕಾಲಿಗೆ ಬಿದ್ದರು. ಆತ ಅತ್ತೆಯ ಫೋಟೋದ ಮೇಲೆ ತೀರ್ಥ ಚಿಮುಕಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನಾನಿದ್ದಿದ್ರ ಹಿಂಗಾಗ್ತಿರ್ಲಿಲ್ಲ. ಶಿವಮೊಗ್ಗದೋರು ಸೂಜಿ ಚುಚ್ಚಿ ಕೊಂದ್ರು."

ನೀವು ಹಿತ್ತಿಲಲ್ಲಿ ಸುಡುತ್ತಿದ್ದ ಸ್ಟ್ರಿಪ್ಪು ಯಾವ ಮಾತ್ರೆಯದು ಎಂದು ಕೇಳಿದೆ. ಆತ ಉತ್ತರಿಸುವ ಮೊದಲೇ ಮಾವ ನನ್ನ ತೋಳು ಹಿಡಿದರು. "ಸಾವಿನ ಮನೇಲಿ ಜಗಳ ತೆಗೀಬೇಡ ಮಾರಾಯ. ದೊಡ್ಡವ್ರು ಅವ್ರು." ದೊಡ್ಡವರು ಎಲೆಯ ಮುಂದೆ ಕೂತು ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡರು.

ಈಗ ಆತನೂ ಇಲ್ಲ. ತನಗೆ ಕಾಯಿಲೆ ಬಂದಾಗ ಪುಡಿಯನ್ನು ಮೂಸಿಯೂ ನೋಡದೆ, ಕಾರು ಮಾಡಿಕೊಂಡು ಶಿವಮೊಗ್ಗದ ಅದೇ ಆಸ್ಪತ್ರೆಗೆ ಓಡಿದ್ದ. ಸತ್ತ ಮೇಲೆ ಬಸ್ ನಿಲ್ದಾಣದಲ್ಲಿ 'ಬಡವರ ಬಂಧು' ಎಂದು ಫ್ಲೆಕ್ಸ್ ಕಟ್ಟಿದರು. ಕುಟ್ಟಾಣಿ ಅಳಿಯನ ಪಾಲಿಗೆ ಬಂತು; ಈಗ ಪರದೆಯ ಹಿಂದೆ ಪುಡಿ ಕುಟ್ಟುವವನು ಅವನೇ.

ಉಳವಿಯಲ್ಲಿ ಇಳಿದಾಗ ಮಾವ ಸ್ಟಾಪಿಗೇ ಬಂದು ಕಾಯುತ್ತಿದ್ದರು. ಅವರ ಕೆನ್ನೆಯೂ ಈಗ ದುಂಡಗೆ ಹೊಳೆಯುತ್ತದೆ. ಅತ್ತೆ ಹೋದ ಮೇಲೆ ಅವರ ಮಂಡಿಯೂ ಹಿಡಿದು, ಅವರೂ ಅದೇ ಪುಡಿಗೆ ಬಿದ್ದರು. ಶಿವಮೊಗ್ಗಕ್ಕೆ ಹೋಗೋಣ, ನಿಧಾನಕ್ಕೆ ಬಿಡಿಸುತ್ತಾರೆ ಎಂದು ಬೇಡಿಕೊಂಡಾಗಲೆಲ್ಲ, "ನಿಮ್ಮತ್ತೆನ ಕೊಂದವ್ರ ಹತ್ರ ನಾ ಬರಲ್ಲ" ಅನ್ನುತ್ತಾರೆ. ಹಾಗೆಂದು ನಾನು ಪುಡಿ ತರದೆ ಇರುವಂತಿಲ್ಲ. ಒಮ್ಮೆಲೇ ನಿಂತರೆ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದ್ದೇನೆ.

"ತಂದ್ಯಾ?" ಅಂದರು. ಚೀಲ ಬಿಚ್ಚಿ ಪೊಟ್ಟಣಗಳನ್ನು ಕೈಗಿಟ್ಟೆ. ಒಂದನ್ನು ಅಲ್ಲೇ ಬಾಯಿಗೆ ಸುರಿದುಕೊಂಡು, ಕಣ್ಣೊರೆಸಿಕೊಂಡರು.

"ಅವ್ಳಿಗೂ ಆವಾಗ ಯಾರಾದ್ರೂ ಹಿಂಗೆ ತಂದು ಕೊಟ್ಟಿದ್ರೆ ಬದುಕ್ತಿದ್ಳು, ಅಲ್ವಾ?"

ಅದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಹೌದು ಮಾವ, ಬದುಕುತ್ತಿದ್ದಳು ಅಂದೆ.