ಹೊಸ ಹಗ್ಗದ ದನ

ಪಿಕಪ್ ಗಾಡಿ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಿಂದೆ ಟಾರ್ಪಾಲು ಎಳೆದುಬಿಟ್ಟರೆ ಒಳಗಿರುವುದು ಗೊಬ್ಬರವೋ, ಯಾರದೋ ಕೊಟ್ಟಿಗೆಯಿಂದ ಕದ್ದ ದನವೋ, ಯಾರಿಗೆ ಗೊತ್ತು? ಟ್ರ್ಯಾಕ್ಟರಿನ ಟ್ರೈಲರ್ ಆದರೆ ದನದ ಮುಖ ಊರಿಗೆಲ್ಲ ಕಾಣುತ್ತದೆ. ಕೆರೆಕಟ್ಟೆಯಲ್ಲಿ ಒಂದು ಮಲೆನಾಡು ಗಿಡ್ಡ ತಳಿಯ ದನ ಕೊಂಡಾಗ, ನರಸಿಂಹರಾಜಪುರದ ಹತ್ತಿರದ ನಮ್ಮ ಮನೆಗೆ ಅದನ್ನು ಟ್ರೈಲರಿನಲ್ಲೇ ತರುತ್ತೇನೆಂದು ಹಟ ಹಿಡಿದೆ.

ಮಾರುವ ಹೆಂಗಸು ಒಪ್ಪಲಿಲ್ಲ. "ತುಂಬು ಗಬ್ಬದ ದನ ಮಾರಾಯ್ರೇ. ಟ್ರೈಲರಿಗೆ ಸ್ಪ್ರಿಂಗ್ ಎಲ್ಲಿದೆ? ಅಷ್ಟು ದೂರ ಕುಲುಕಿ ಕುಲುಕಿ ಹೊಟ್ಟೇಲಿರೋ ಕರು ಉಳೀತದಾ?"

ಆ ಮಾತಿಗೆ ಹಟ ಬಿಟ್ಟೆ. ತನಗೆ ಗೊತ್ತಿರುವ ಪಿಕಪ್ಪನ್ನು ಆಕೆಯೇ ಕರೆಸಿದಳು. ಅದು ಬರುವವರೆಗೆ ನನ್ನ ವಿಚಾರಣೆ. ಮನೆ ಎಲ್ಲಿ, ಕೊಟ್ಟಿಗೆಯಲ್ಲಿ ಬೇರೆ ದನ ಇದೆಯಾ, ಹಾಲು ಕರೆಯುವವರು ಯಾರು. ಕೊನೆಗೆ, "ಕಟುಕರಿಗೆ ಕೊಡೋರಲ್ಲ ತಾನೇ?" ಅಂದಳು. ಮೈಯೆಲ್ಲ ಉರಿಯಿತು.

ದನ ಹತ್ತಿಸುವ ಮುಂಚೆ ಅದರ ಕುತ್ತಿಗೆಯ ಹಳೇ ಹಗ್ಗ ಬಿಚ್ಚಿಕೊಂಡಳು. ದನ ಕೊಟ್ಟರೂ ಹಗ್ಗ ಕೊಡುವ ಪದ್ಧತಿಯಿಲ್ಲ. ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ಜೊತೆಗೆ ಹೋಗುತ್ತದೆ ಅನ್ನುತ್ತಾರೆ. ನಾನು ಅಂಗಡಿಯಿಂದ ತಂದ ಹಸಿರು ನೈಲಾನ್ ಹಗ್ಗ ಕಟ್ಟಿದೆ.

ಶೃಂಗೇರಿ ದಾಟುವಾಗ ಹನಿ ಶುರುವಾಯಿತು. ಡ್ರೈವರ್ ಇಳಿದು ಟಾರ್ಪಾಲು ಎಳೆದ. ಬೇಡ ಅಂದರೂ ಕೇಳಲಿಲ್ಲ. ಆಮೇಲೆ ಯಾರಿಗೋ ಫೋನ್ ಮಾಡಿ, "ಹ್ಞಾಂ, ಶೃಂಗೇರಿ ದಾಟಿದ್ವಿ" ಅಂದ. ಕೊಪ್ಪ ಬಂದಾಗ ಮತ್ತೆ ಫೋನ್. ಯಾರದು ಅಂತ ಕೇಳಿದರೆ, "ನಮ್ಮವ್ರೇ" ಅಂದು ಹಲ್ಲು ಕಿರಿದ. ನಮ್ಮವರಂತೆ! ಈ ಪುಣ್ಯಾತ್ಮ ದನಗಳ್ಳರಿಗೇ ಸುದ್ದಿ ಕೊಡುತ್ತಿದ್ದಾನೆ ಅಂತ ನನಗೆ ಖಾತ್ರಿಯಾಯಿತು.

ಕೊಪ್ಪ ದಾಟಿ ಸ್ವಲ್ಪ ದೂರದಲ್ಲಿ ಒಂದು ಅಂಗಡಿಯ ಮುಂದೆ ನಾಲ್ಕೈದು ಜನ ಅಡ್ಡ ನಿಂತರು. ಆ ಊರಿನಲ್ಲಿ ಆಗಷ್ಟೇ ದನ ಕಳುವಾಗಿತ್ತಂತೆ. ಒಬ್ಬ ಟಾರ್ಪಾಲು ಎತ್ತಿ ಇಣುಕಿದ. "ಹಗ್ಗ ನೋಡ್ರೋ, ಹೊಸದು!"

"ಕೊಂಡ ದನಕ್ಕೆ ಹೊಸ ಹಗ್ಗವೇ ಕಟ್ಟೋದು," ಅಂದೆ.

"ಕದ್ದೋರೂ ಹಳೇದು ಕೊಯ್ದು ಹೊಸದೇ ಕಟ್ತಾರೆ."

ದನ ಸಾಗಿಸಲು ದನದ ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದೆ. ಯಾರೂ ಓದಲಿಲ್ಲ. ಡ್ರೈವರ್ ಫೋನಿಗೆ ಕೈ ಹಾಕಿದ. ನನ್ನ ಕರ್ಮ, ನಾನೇ ಕೂಗಿಬಿಟ್ಟೆ: "ಅವನಿಗೆ ಫೋನ್ ಮಾಡೋಕೆ ಬಿಡಬೇಡಿ! ದಾರಿಯುದ್ದಕ್ಕೂ ಯಾರಿಗೋ ಸುದ್ದಿ ಕೊಡ್ತಾ ಇದ್ದಾನೆ!"

ಮುಗಿಯಿತು. ಫೋನ್ ಕಿತ್ತುಕೊಂಡರು, ಗಾಡಿಯ ಕೀಲಿಯೂ ಹೋಯಿತು. ಒಳಗೆ ದನ ಏದುಸಿರು ಬಿಡುತ್ತಿತ್ತು. ಇಲ್ಲೇ ಕರು ಹಾಕಿದರೆ ಏನು ಗತಿ?

ಆಗ ಹಿಂದಿನಿಂದ ಒಂದು ಸ್ಕೂಟರ್ ಬಂತು. ತೊಯ್ದ ರೈನ್‌ಕೋಟಿನಲ್ಲಿ ಕೆರೆಕಟ್ಟೆಯ ಅದೇ ಹೆಂಗಸು! ಗಾಡಿ ನಿಲ್ಲಿಸುವ ಮೊದಲೇ ಬೈಗುಳ. "ಗಬ್ಬದ ದನ ನಿಲ್ಸಿಕೊಂಡು ಎಂತ ಮಾಡ್ತಿದೀರಿ? ನನ್ನ ದನ ಅದು, ನಾನೇ ಕೊಟ್ಟದ್ದು!" ಆ ದನಿ ಕೇಳಿದ್ದೇ ಟಾರ್ಪಾಲಿನೊಳಗಿಂದ ದನ ಅಂಬಾ ಎಂದಿತು. ಆಕೆ ಮತ್ತೆ ಮಾತಾಡಿದಳು, ಅದು ಮತ್ತೆ ಕೂಗಿತು. ಅಂಗಡಿಯವನು ಕೀಲಿ ವಾಪಸು ಕೊಡಿಸಿದ.

ಡ್ರೈವರ್ ಸುದ್ದಿ ಕೊಡುತ್ತಿದ್ದದ್ದು ನಮ್ಮ ಹಿಂದೆಯೇ ಬರುತ್ತಿದ್ದ ಈಕೆಗೇ.

"ನನ್ನ ಮೇಲೆ ಅನುಮಾನವಾ ನಿಮಗೆ?" ಅಂದೆ.

"ಮತ್ತೆ? ನಿಮ್ಮ ಮುಖ ನಾನು ಕಂಡದ್ದೇ ಇವತ್ತು."

ನಮ್ಮ ಮನೆಯವರೆಗೂ ಬಂದಳು. ಕೊಟ್ಟಿಗೆಗೆ ಹೋಗಿ ಹುಲ್ಲು ಮೂಸಿದಳು, ನೀರಿನ ಬಾನಿಗೆ ಕೈ ಅದ್ದಿದಳು, ನೆಲ ಜಾರುತ್ತದಾ ಎಂದು ಕಾಲಿನಿಂದ ಉಜ್ಜಿದಳು. ಎರಡು ಮಾತು ಆಡಿಬಿಡಬೇಕು ಅಂತ ಹೋದೆ. ಆಕೆ ದನದ ಕುತ್ತಿಗೆ ಅಪ್ಪಿಕೊಂಡು ಅಳುತ್ತಿದ್ದಳು. ಕಾಫಿ ಮಾಡಿಸಲು ಒಳಗೆ ಬಂದೆ.

ಮಾರನೆಯ ದಿನವೇ ದನ ಹೆಣ್ಣುಗರು ಹಾಕಿತು. ಆ ಕರು ಬೆಳೆದು ಗಬ್ಬವಾದ ಮೇಲೆ, ಮೊನ್ನೆ, ಕಮ್ಮರಡಿಯವರೊಬ್ಬರಿಗೆ ಕೊಟ್ಟೆ. ಒಳ್ಳೆಯವರಂತೆಯೇ ಕಂಡರು. ಹಗ್ಗ ಬಿಚ್ಚಿ ಇಟ್ಟುಕೊಂಡೆ. ಅವರ ಪಿಕಪ್ ತಿರುವು ದಾಟುವವರೆಗೆ ಕಾದು, ಸ್ಕೂಟರ್ ಸ್ಟಾರ್ಟ್ ಮಾಡಿದೆ.