ಮೇಲಿನ ಮನೆಯ ಆಂಟಿ ಹೊಲಿದ ಚೀಲ

ಮಾತಾಡುವಾಗಲೂ ಅವರ ತುಟಿಯ ಎಡಮೂಲೆಯಲ್ಲಿ ಮೂರು ಗುಂಡುಪಿನ್ನುಗಳು ಕಚ್ಚಿಕೊಂಡಿರುತ್ತಿದ್ದವು. ಮಾತು ಬರುತ್ತಿದ್ದುದು ಬಲಮೂಲೆಯಿಂದ, ನಗು ಬರುತ್ತಿದ್ದುದೂ ಅಲ್ಲಿಂದಲೇ. ಎಷ್ಟು ನಕ್ಕರೂ ಒಂದು ಪಿನ್ನೂ ಕೆಳಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಸೌದಿ ಅರೇಬಿಯಾದ ಅಭಾದಲ್ಲಿ ನಾನಿದ್ದ ಕಟ್ಟಡದ ಮೇಲಿನ ಮನೆ ಅವರದು. ಭಟ್ಕಳದವರು, ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಇವರಿಗೆ ಮನೆಯಲ್ಲಿ ಹೊಲಿಗೆ. ಮನೆಮಾತು ನವಾಯತಿ, ಏಳನೆಯ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ಕೆಳಗಿನ ಮನೆಗೆ ಉಡುಪಿ ಕಡೆಯ ನರ್ಸ್ ಬಂದಿದ್ದಾಳೆಂದು ತಿಳಿದ ಸಂಜೆಯೇ ಒಂದು ತಟ್ಟೆ ಹುರಿದ ಮೀನು ಹಿಡಿದು ಇಳಿದು ಬಂದರು. "ಕನ್ನಡ ಮಾತಾಡದೆ ಬಾಯಿ ಕಟ್ಟಿಹೋಗಿದೆ ಮಾರಾಯ್ತಿ, ಎಂತಾದ್ರೂ ಮಾತಾಡು" ಎಂದು ಕುಳಿತವರು ಎರಡು ತಾಸು ಏಳಲಿಲ್ಲ. ಅಂದಿನಿಂದ ಅವರು ನನಗೆ ಆಂಟಿ.

ಇದು 2013ರ ಸುಮಾರಿನ ಮಾತು. ಪೇಟೆಯ ಆಸ್ಪತ್ರೆಯಿಂದ ಗುಡ್ಡದ ಮೇಲಿನ ಊರುಗಳ ಸಣ್ಣ ಆರೋಗ್ಯ ಕೇಂದ್ರಗಳಿಗೆ ವ್ಯಾನಿನಲ್ಲಿ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಯಾವ ಮಗುವಿಗೆ ಯಾವುದು ಆಗಿದೆ, ಯಾವುದು ಬಾಕಿ ಎಂಬುದೆಲ್ಲ ಇದ್ದದ್ದು ಒಂದು ಲ್ಯಾಪ್‌ಟಾಪಿನಲ್ಲಿ. ಅದು ಬೆನ್ನಚೀಲದಲ್ಲಿ ನನ್ನ ಜೊತೆಗೇ ಬರುತ್ತಿತ್ತು. ಎರಡನೆಯ ತಿಂಗಳಲ್ಲಿ ಒಂದು ದಿನ ತೆರೆದು ನೋಡಿದರೆ ಪರದೆಯ ತುಂಬ ಜೇಡರಬಲೆಯಂತೆ ಬಿರುಕು. ನಾನು ಅದನ್ನು ಬೀಳಿಸಿಯೇ ಇರಲಿಲ್ಲ. ಮೇಲಧಿಕಾರಿ ಇನ್ನೊಂದನ್ನು ಕೊಟ್ಟು, ಇದೂ ಒಡೆದರೆ ನೀನು ಆಫೀಸಿನಲ್ಲೇ ಕುಳಿತು ದಾಖಲೆ ಬರೆ, ಗುಡ್ಡಕ್ಕೆ ಬೇರೆಯವರನ್ನು ಕಳಿಸುತ್ತೇನೆ ಎಂದರು.

ಆ ಸಂಜೆ ಆಂಟಿಯ ಮುಂದೆ ಅತ್ತುಬಿಟ್ಟೆ. "ನಾನೇ ಆಫೀಸ್ ಕೆಲಸ ಕೇಳಿಕೊಳ್ತೇನೆ ಆಂಟಿ. ಹೆದರಿಕೆ ಆಗ್ತದೆ."

"ಮೊದಲು ಆ ಚೀಲ ತಾ" ಎಂದರು.

ತಂದುಕೊಟ್ಟೆ. ಒಳಗಿದ್ದುದನ್ನೆಲ್ಲ ನೆಲದ ಮೇಲೆ ಹರಡಿದರು. ಸ್ಟೀಲಿನ ನೀರಿನ ಬಾಟಲಿ, ಟಿಫಿನ್, ಕೊಡೆ, ಚಾರ್ಜರ್, ಇವುಗಳ ನಡುವೆ ಲ್ಯಾಪ್‌ಟಾಪ್. ಚಾರ್ಜರನ್ನು ಎತ್ತಿ ಹಿಡಿದು ಕೇಳಿದರು: "ಇದನ್ನು ಎಲ್ಲಿ ಇಡ್ತೀ?"

"ಲ್ಯಾಪ್‌ಟಾಪಿಗೆ ಒತ್ತಿ."

"ಅದರ ಮೇಲೆ ಟಿಫಿನ್?"

"ಹೌದು."

"ವ್ಯಾನಿನಲ್ಲಿ ಚೀಲ ಎಲ್ಲಿರ್ತದೆ?"

"ನೆಲದ ಮೇಲೆ, ಕಾಲ ಹತ್ತಿರ."

ಆಂಟಿ ತುಟಿಯಿಂದ ಪಿನ್ನುಗಳನ್ನು ತೆಗೆದಿಟ್ಟರು. ತೀರಾ ಮುಖ್ಯವಾದ ಮಾತಿದ್ದರೆ ಮಾತ್ರ ಹಾಗೆ ಮಾಡುತ್ತಿದ್ದರು. "ಅದು ತಾನಾಗಿ ಒಡೆದದ್ದಲ್ಲ, ನೀನೇ ಒಡೆದದ್ದು. ಚೀಲ ಸರಿ ಇಲ್ಲದಿದ್ರೆ ಚೀಲ ಹೊಲಿಯುವ. ಕೆಲಸ ಬಿಡುದು ಎಂತಕ್ಕೆ?"

ಅವರು ಜೀವನದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ. ಆದರೂ ಎರಡು ದಿನದಲ್ಲಿ ನನ್ನ ಚೀಲದೊಳಗೆ ಒಂದು ಜೇಬು ಎದ್ದಿತು. ಹಳೆಯ ಉಣ್ಣೆ ರಗ್ಗು, ಹಾಸಿಗೆಯ ಫೋಮ್, ಮಳೆ ತಾಗದಿರಲೆಂದು ಹೊರಗಿನಿಂದ, ಊಟಕ್ಕೆ ನೆಲದ ಮೇಲೆ ಹಾಸುವ ಪ್ಲಾಸ್ಟಿಕ್ ಸುಫ್ರಾದ ತುಂಡು. ಜೇಬು ಬೆನ್ನಿಗೆ ತಾಗುವ ಬದಿಯಲ್ಲಿ, ಚೀಲದ ತಳದಿಂದ ನಾಲ್ಕು ಬೆರಳು ಮೇಲೆ ತೂಗುತ್ತಿತ್ತು. "ಚೀಲವನ್ನು ದೊಪ್ಪ ಅಂತ ಇಟ್ರೂ ಇದು ನೆಲ ಮುಟ್ಟಬಾರ್ದು" ಎಂದರು.

ಪರೀಕ್ಷೆಗೆ ಲ್ಯಾಪ್‌ಟಾಪ್ ಹಾಕಲು ನನಗೆ ಧೈರ್ಯವಿರಲಿಲ್ಲ. ಆಂಟಿ ಊರಿಂದ ಬಂದ ಹಲಸಿನ ಹಪ್ಪಳದ ಕಟ್ಟು ತಂದು ಜೇಬಿನಲ್ಲಿಟ್ಟು, ಊಟದ ಮೇಜಿನಿಂದ ಚೀಲವನ್ನು ಕೆಳಗೆ ತಳ್ಳಿದರು. ಎರಡು ಹಪ್ಪಳ ಮುರಿದಿದ್ದವು. "ಮೂಲೆ ಸಾಲ್ದು" ಎಂದು ಮೂಲೆಗಳಿಗೆ ಇನ್ನೊಂದು ಪದರ ಹೊಲಿದರು, ಮತ್ತೆ ತಳ್ಳಿದರು. ಮುರಿದವನ್ನು ಕರಿದು ತಿನ್ನುತ್ತಾ ನಾಲ್ಕನೆಯ ಸಲಕ್ಕೆ ಬಂದಾಗ ಒಂದೂ ಮುರಿಯಲಿಲ್ಲ. ಆಗಷ್ಟೇ ಅಂಗಡಿಯಿಂದ ಬಂದಿದ್ದ ಅಂಕಲ್ ಖಾಲಿ ತಟ್ಟೆ ನೋಡಿ, "ಇನ್ನೊಂದು ಸಲ ಬೀಳಿಸಿ ನೋಡಿ. ನನಗೆ ಏನೂ ಉಳಿಸಲಿಲ್ಲ ನೀವು" ಎಂದರು.

ಜೇಬಿನ ಜೊತೆಗೆ ಕಟ್ಟಳೆಗಳೂ ಬಂದವು. ನೀರು ಹೊರಗಿನ ಜೇಬಿನಲ್ಲಿ. ಚಾರ್ಜರ್ ಮುಂದಿನ ಖಾನೆಯಲ್ಲಿ. ವ್ಯಾನಿನಲ್ಲಿ ಚೀಲ ತೊಡೆಯ ಮೇಲೆ. ಎರಡೂ ಭುಜಕ್ಕೆ ಪಟ್ಟಿ. ಲ್ಯಾಪ್‌ಟಾಪ್ ಪೂರ್ತಿ ಆರಿಸದೆ ಒಳಗೆ ಹಾಕುವಂತಿಲ್ಲ. "ಬಿಸಿ ಇರುವಾಗ ಮುಚ್ಚಿಟ್ರೆ ರೊಟ್ಟಿಯೂ ಬೆವರ್ತದೆ" ಎನ್ನುತ್ತಿದ್ದರು.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಆಲಿಕಲ್ಲಿನ ಮಳೆ ಹಿಡಿಯಿತು. ಆರೋಗ್ಯ ಕೇಂದ್ರ ಇದ್ದದ್ದು ರಸ್ತೆಯಿಂದ ಮೂವತ್ತು ಮೆಟ್ಟಿಲು ಮೇಲೆ. ಅವಸರದಲ್ಲಿ ಚೀಲವನ್ನು ಒಂದೇ ಭುಜಕ್ಕೆ ಸಿಕ್ಕಿಸಿ ಓಡಿದೆ. ಮುಕ್ಕಾಲು ಹತ್ತಿದಾಗ ಕಾಲು ಜಾರಿತು. ನಾನು ಮೊಣಕಾಲೂರಿ ಬಿದ್ದೆ. ಚೀಲ ಉರುಳುತ್ತ ಹೋಗಿ ಕೆಳಗೆ ಹರಿಯುತ್ತಿದ್ದ ಕೆಂಪು ನೀರಿನಲ್ಲಿ ಕುಳಿತಿತು. ಕೇಂದ್ರದಲ್ಲಿದ್ದ ಸೂಡಾನಿನ ಡಾಕ್ಟರು ಓಡಿ ಬಂದು ನನ್ನನ್ನು ಎಬ್ಬಿಸಿದರು, ಡ್ರೈವರ್ ಚೀಲ ತಂದುಕೊಟ್ಟ. ಮಕ್ಕಳನ್ನು ಎತ್ತಿಕೊಂಡು ಕಾಯುತ್ತಿದ್ದ ತಾಯಂದಿರು ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಚೀಲ ಬಿಚ್ಚಿದೆ. ಟಿಫಿನ್ನಿನ ಮುಚ್ಚಳ ಹಾರಿ ಮುಂದಿನ ಖಾನೆಯೆಲ್ಲ ಸಾರು. ಒಳಗಿನ ಜೇಬಿಗೆ ಕೈ ಹಾಕಿದರೆ ರಗ್ಗು ಒಣಗಿತ್ತು, ಬೆಚ್ಚಗಿತ್ತು. ಗುಂಡಿ ಒತ್ತಿದೆ. ಪರದೆ ಬೆಳಗಿತು. ಮುಂದಿದ್ದ ಒಬ್ಬ ಅಜ್ಜಿ "ಮಾಶಾ ಅಲ್ಲಾಹ್" ಎಂದು ಮೊಮ್ಮಗನನ್ನು ನನ್ನ ತೊಡೆಯ ಮೇಲೆ ಕೂರಿಸಿಯೇಬಿಟ್ಟರು. ಆ ದಿನ ಬಂದ ಒಂದು ಮಗುವೂ ಲಸಿಕೆಯಿಲ್ಲದೆ ಮರಳಲಿಲ್ಲ.

ಸಂಜೆ ಕುಂಟುತ್ತ ಮೇಲೆ ಹತ್ತಿ ಎಲ್ಲ ಹೇಳಿದೆ.

"ಯಾವ ಬದಿಗೆ ಬಿತ್ತು?" ಆಂಟಿಯ ಮೊದಲ ಪ್ರಶ್ನೆ.

"ನನಗೂ ಪೆಟ್ಟಾಗಿದೆ ಆಂಟಿ."

"ಮೊಣಕಾಲು ತನ್ನಷ್ಟಕ್ಕೇ ಸರಿಯಾಗ್ತದೆ. ಚೀಲ ಆಗುದಿಲ್ಲ." ಹಾಗೆನ್ನುತ್ತಲೇ ತೆಂಗಿನೆಣ್ಣೆ ಬಿಸಿಗಿಟ್ಟಿದ್ದರು. ಮೊಣಕಾಲಿಗೆ ತಿಕ್ಕುತ್ತಾ ಮೆಲ್ಲನೆ ಕೇಳಿದರು: "ಒಂದೇ ಭುಜಕ್ಕೆ ಹಾಕಿದ್ದಿ ಅಲ್ವಾ?"

ಮರುದಿನ ಎದೆಯ ಮೇಲೆ ಕಟ್ಟುವ ಒಂದು ಪಟ್ಟಿ ಚೀಲಕ್ಕೆ ಸೇರಿತ್ತು.

ಸುದ್ದಿ ಆಸ್ಪತ್ರೆಯಲ್ಲಿ ಹರಡಿತು. ಫಿಲಿಪೀನ್ಸಿನ ನರ್ಸುಗಳು, ಕೇರಳದವರು, ಕೊನೆಗೆ ನನ್ನ ಮೇಲಧಿಕಾರಿಯ ಹೆಂಡತಿಯೂ ಚೀಲ ಹಿಡಿದು ಮೆಟ್ಟಿಲು ಹತ್ತಿದರು. ಭಾಷೆ ಬಾರದವರಿಗೆ ಆಂಟಿ ಹಪ್ಪಳ ಬೀಳಿಸಿ ತೋರಿಸುತ್ತಿದ್ದರು. ಆಮೇಲೆ ಪ್ರತಿ ಚೀಲದಲ್ಲೂ ಕಟ್ಟಳೆಗಳ ಚೀಟಿ ಇರಬೇಕೆಂದು, ಅದನ್ನು ತಾವೇ ಟೈಪ್ ಮಾಡಬೇಕೆಂದು ಹಟ ಹಿಡಿದರು. ಒಂದು ಶುಕ್ರವಾರ ಮಧ್ಯಾಹ್ನವಿಡೀ ನನ್ನ ಪಕ್ಕದಲ್ಲಿ ಕುಳಿತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: ಮೊದಲು ಮುಚ್ಚು, ಆಮೇಲೆ ನಡೆ.

"ಅವರಿಗೆ ಕನ್ನಡ ಬರುದಿಲ್ಲ ಆಂಟಿ" ಎಂದೆ.

"ನನಗೆ ಬರ್ತದಲ್ಲ" ಎಂದು, ಪರದೆಯ ಮೇಲೆ ಮೂಡಿದ ತಮ್ಮ ಅಕ್ಷರಗಳನ್ನು ತುಂಬ ಹೊತ್ತು ನೋಡಿದರು. ಆ ದಿನ ಅವರ ತುಟಿಯಲ್ಲಿ ಪಿನ್ನುಗಳಿರಲಿಲ್ಲ.

ನಾಲ್ಕು ವರ್ಷದ ನಂತರ ಅಂಗಡಿ ಮುಚ್ಚಿ ಅವರಿಬ್ಬರೂ ಭಟ್ಕಳಕ್ಕೆ ಮರಳಿದರು. ಮುಂದಿನ ವರ್ಷ ಅಂಕಲ್ ಅವರ ಫೋನ್ ಬಂದಾಗ ನಾನು ಗುಡ್ಡದ ಒಂದು ಕೇಂದ್ರದಲ್ಲಿದ್ದೆ. ರಾತ್ರಿ ಊಟ ಮಾಡಿ, ಸೊಸೆಯ ಜೊತೆ ನಗಾಡಿ ಮಲಗಿದ ಆಂಟಿ ಬೆಳಿಗ್ಗೆ ಏಳಲಿಲ್ಲವಂತೆ. ಹೊರಗೆ ಸಾಲು ಉದ್ದವಿತ್ತು. ಮುಖ ತೊಳೆದುಕೊಂಡು ಬಂದು ಮುಂದಿನ ಮಗುವಿನ ಹೆಸರು ಕರೆದೆ.

ಅವರು ಅಂದು ಚೀಲ ಕೇಳದೆ ಸಮಾಧಾನವನ್ನಷ್ಟೇ ಹೇಳಿದ್ದರೆ ನಾನು ಆಫೀಸಿನಲ್ಲಿ ಕುಳಿತುಬಿಡುತ್ತಿದ್ದೆ. ಆ ಗುಡ್ಡದ ಊರುಗಳಲ್ಲಿ ನನ್ನ ತೊಡೆಯ ಮೇಲೆ ಕುಳಿತು ಅತ್ತ ಮಕ್ಕಳು ಈಗ ಶಾಲೆಗೆ ಓಡುತ್ತಿರಬೇಕು. ಭಟ್ಕಳದ ಒಬ್ಬ ಹೆಂಗಸು ತಮಗಾಗಿ ಸೂಜಿ ಹಿಡಿದದ್ದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿದೆ.